ಬ್ರೇಕ್ ಮೇಷ್ಟ್ರ ಅಂತರಿಕ್ಷ ಯುದ್ಧ

ನಾನು ಬ್ರೇಕ್ ಮೇಷ್ಟ್ರನ್ನು ಮೊದಲ ಸಲ ಕಂಡ ದಿನ, ನನ್ನ ಹಣೆ ಕಾರಿನ ಮುಂಗಾಜಿಗೆ ಬಡಿಯುವುದು ಒಂದು ಗೇಣಿನಲ್ಲಿ ತಪ್ಪಿತು. ಮೂವತ್ತೈದು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿ ನಿವೃತ್ತಳಾದ ನಾನು, ಇನ್ನಾದರೂ ಯಾರ ಹಂಗಿಲ್ಲದೆ ಓಡಾಡೋಣವೆಂದು ಕಾರು ಕಲಿಯಲು ಹೋಗಿದ್ದೆ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಅದರ ಮೇಲೆ ಮೇಷ್ಟ್ರ ಬಲಗಾಲು ಕೋಟೆಯ ಕಾವಲುಗಾರನಂತೆ ಕುಳಿತಿತ್ತು. ದೂರದಲ್ಲಿ ಒಂದು ಒಣಗಿದ ಎಲೆ ಗಾಳಿಗೆ ರಸ್ತೆ ದಾಟಿತು. ಧಡ್! ಕಾರು ನಿಂತಿತು.

"ಏನಾಯ್ತು ಸಾರ್?"

"ಎಲೆ."

"ಎಲೆಗೂ ಬ್ರೇಕಾ?"

"ಎಲೆ ಹಿಂದೆ ನಾಯಿ ಬರಬಹುದು ಟೀಚರೇ. ನಾಯಿ ಹಿಂದೆ ಅದರ ಯಜಮಾನ ಬರಬಹುದು. ಬಂದಮೇಲೆ ಒತ್ತೋದು ಬ್ರೇಕಲ್ಲ, ಪಶ್ಚಾತ್ತಾಪ!"

ಅಂಥ ಮನುಷ್ಯ ಅವರು. ಅವರ ಕೈಯಲ್ಲಿ ಪಳಗಿದವರು ಊರ ತುಂಬ ಇದ್ದಾರೆ. ಅಪಘಾತ ಮಾಡಿದವರು ಒಬ್ಬರೂ ಇಲ್ಲ. ವಯಸ್ಸಾಯಿತೆಂದು ಶಾಲೆಯವರು ಹಾರ ಹಾಕಿ ಅವರನ್ನು ಮನೆಗೆ ಕಳಿಸಿದರು. ಮೇಷ್ಟ್ರು ನಿವೃತ್ತರಾದರು. ಬಲಗಾಲು ಮಾತ್ರ ಆಗಲಿಲ್ಲ! ಟಿ.ವಿ.ಯಲ್ಲಿ ಕಾರು ಕಾರನ್ನು ಅಟ್ಟಿಸಿಕೊಂಡು ಹೋದರೆ ಧಡ್. ಹೆಂಡತಿ ತಟ್ಟೆಗೆ ಇನ್ನೊಂದು ಸೌಟು ಬಡಿಸಲು ಬಂದರೆ, "ಬೇಡ" ಎನ್ನುವ ಬದಲು ಮೇಜಿನ ಕೆಳಗೆ ಧಡ್.

ಅವರ ಮನೆ ಎರಡನೆಯ ಮಹಡಿಯಲ್ಲಿದೆ. ಕೆಳಗಿನ ಮನೆಯಲ್ಲಿ ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ ಇದ್ದಾರೆ. ನೆಲ ಎಷ್ಟು ತೆಳುವೆಂದರೆ ಮೇಲೆ ಸೀನಿದರೆ ಕೆಳಗಿನಿಂದ "ಕಷಾಯ ಕುಡೀರಿ" ಎಂದು ಸಲಹೆ ಬರುತ್ತದೆ. ಈ ತೆಳುವನ್ನೇ ಬಳಸಿಕೊಂಡು ಮೇಷ್ಟ್ರ ಹೆಂಡತಿ ಒಂದು ಏರ್ಪಾಡು ಮಾಡಿದ್ದರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ಇಪ್ಪತ್ತೆಂಟು ವರ್ಷ ಟೆಲಿಫೋನ್ ಕಚೇರಿಯಲ್ಲಿ ಊರಿನ ಮಾತನ್ನೆಲ್ಲ ಜೋಡಿಸಿದವರು. ಸಂಕೇತಗಳೆಂದರೆ ಅವರಿಗೆ ನೀರು ಕುಡಿದಷ್ಟು ಸುಲಭ. ನೆಲಕ್ಕೆ ಒಂದು ಸಲ ಕುಟ್ಟಿದರೆ ಅರ್ಥವಿಲ್ಲ, ಅದು ಟಿ.ವಿ. ಬೆಳಿಗ್ಗೆ ಎಂಟಕ್ಕೆ ಎರಡು ಸಲ ಕುಟ್ಟಿದರೆ "ಎಲ್ಲ ಕ್ಷೇಮ". ಒಂದರ ಹಿಂದೊಂದು ಮೂರು ಸಲ ಕುಟ್ಟಿದರೆ "ಅಪಾಯ, ಬೇಗ ಬನ್ನಿ". ಬರಲು ಅನುಕೂಲವಾಗಲೆಂದು ನರ್ಸಮ್ಮನ ಮನೆಯ ಮೊಳೆಯೊಂದರಲ್ಲಿ ಇವರ ಬೀಗದ ಕೈ ಸದಾ ತೂಗುತ್ತಿರುತ್ತದೆ.

ಏರ್ಪಾಡಿಗೆ ಕಾರಣವಿತ್ತು. ಅಕ್ಕ ಹದಿನೆಂಟು ಹೆಂಗಸರ ಹಾಡಿನ ತಂಡವೊಂದರಲ್ಲಿ ಇದ್ದಾರೆ. ತಂಡ ವರ್ಷಕ್ಕೊಮ್ಮೆ ನಾಲ್ಕು ದಿನ ಸಮುದ್ರತೀರಕ್ಕೆ ಹೋಗುತ್ತದೆ. ಅಕ್ಕ ಮೂರು ಸಲ ಪೆಟ್ಟಿಗೆ ಕಟ್ಟಿದ್ದರು, ಮೂರು ಸಲ ಬಿಚ್ಚಿದ್ದರು. ಮೊದಲನೆಯ ವರ್ಷ, ಹೊರಡುವ ದಿನವೇ ಮೇಷ್ಟ್ರ ಬೆನ್ನು ಹಿಡಿದುಕೊಂಡಿತು. ಎರಡನೆಯ ವರ್ಷ ಅವರು ತಮ್ಮ ಕನ್ನಡಕವನ್ನು ಬಟ್ಟೆಯ ಜೊತೆ ಒಗೆಯುವ ಯಂತ್ರಕ್ಕೆ ಹಾಕಿ, ಅದನ್ನು ಹುಡುಕಲು ಕನ್ನಡಕವಿಲ್ಲದೆ ಒದ್ದಾಡಿದರು. ಮೂರನೆಯ ವರ್ಷ ಬರೀ ಟವೆಲು ಸುತ್ತಿಕೊಂಡು ಬಾಲ್ಕನಿಗೆ ಹೋದವರ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅಗ್ನಿಶಾಮಕದವರು ಏಣಿ ಹಾಕಿ ಇಳಿಸಿದರು. ಇಳಿಸಿದವರೂ ಅವರ ಶಿಷ್ಯರೇ!

ಈಗ ನಾಲ್ಕನೆಯ ವರ್ಷ. ಅಕ್ಕ ಪೆಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದರು.

"ನೋಡ್ರೀ, ಇದೇ ಕೊನೆ. ಈ ಸಲಾನೂ ಏನಾದ್ರೂ ಆದ್ರೆ ನಾನು ವಾಪಸ್ ಬಂದೇ ಬರ್ತೀನಿ, ನಿಮ್ಮನ್ನೇನು ಬಿಟ್ಟುಬಿಡಲ್ಲ. ಆದ್ರೆ ಮತ್ತೆಂದೂ ಹೊರಡಲ್ಲ. ಈ ಪೆಟ್ಟಿಗೇನ ಯಾರಿಗಾದ್ರೂ ಕೊಟ್ಟು ಕೈ ತೊಳ್ಕೋತೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮೇಷ್ಟ್ರಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಅವರು ಎದೆ ಉಬ್ಬಿಸಿದರು.

"ಲೇ, ನಾಲ್ಕು ದಿನ ಏನು, ನಾಲ್ಕು ತಿಂಗಳು ಹೋಗಿ ಬಾರೇ! ಸಾವಿರಾರು ಜನಕ್ಕೆ ದಾರಿ ತೋರಿಸಿದ ಗಂಡು ನಾನು! ನೀನು ಬರೋ ಹೊತ್ತಿಗೆ ಈ ಮನೇನ ಒಂದು ಗೀರು ಬೀಳದ ಹಾಗೆ ನಿಲ್ಲಿಸಿರ್ತೀನಿ."

"ಸಂತೋಷ. ಆ ಕಪ್ಪು ಡಬ್ಬಿ ಮಾತ್ರ ನಾನು ಬರೋವರೆಗೂ ಮುಟ್ಬೇಡಿ."

"ಮುಟ್ಟಲ್ಲ."

ಕಪ್ಪು ಡಬ್ಬಿಯ ಕಥೆಯನ್ನು ಇಲ್ಲಿ ಹೇಳಬೇಕು. ಮೇಷ್ಟ್ರ ಹತ್ತಿರ ಕಲಿತು ಏಳನೆಯ ಸಲಕ್ಕೆ ಲೈಸೆನ್ಸ್ ಪಡೆದ ಹುಡುಗಿಯೊಬ್ಬಳು ವಿಡಿಯೋ ಆಟಗಳನ್ನು ತಯಾರಿಸುವ ಕಂಪನಿಯಲ್ಲಿದ್ದಾಳೆ. ಏಳು ಸಲವೂ ತಾಳ್ಮೆ ಕೆಡದ ಗುರುವಿಗೆ ಏನಾದರೂ ಕೊಡಬೇಕೆಂದು, ತಾನೇ ಮಾಡಿದ ಆಟದ ಸಮೇತ ಒಂದು ವರ್ಚುವಲ್ ರಿಯಾಲಿಟಿ ಡಬ್ಬಿಯನ್ನು ತಂದುಕೊಟ್ಟಿದ್ದಳು. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ಮನೆ ಮಾಯವಾಗಿ ಬೇರೊಂದು ಲೋಕ ಸುತ್ತಲೂ ನಿಲ್ಲುತ್ತದೆ. ಎರಡು ಕೈಗೆ ಎರಡು ಹಿಡಿಕೆ. ಬೆರಳು ಒತ್ತಿದರೆ ಗುಂಡು.

"ನಿಮ್ಮ ಕಾಲದ ಆಟಾನೇ ಸಾರ್," ಎಂದಿದ್ದಳು ಹುಡುಗಿ. "ಆಗ ಪೆಟ್ಟಿಗೆ ಮುಂದೆ ನಿಂತು ಆಡ್ತಿದ್ರಿ. ಈಗ ಪೆಟ್ಟಿಗೆ ಒಳಗೇ ಹೋಗಿ ಆಡಬಹುದು."

ಮೇಷ್ಟ್ರ ಕಣ್ಣು ಆಗಲೇ ಮಿನುಗಿತ್ತು. ಅವರ ಹರೆಯದಲ್ಲಿ ಬಸ್ ನಿಲ್ದಾಣದ ಮೂಲೆಯ ಅಂಗಡಿಯಲ್ಲಿ ಅಂಥದ್ದೊಂದು ಯಂತ್ರವಿತ್ತು. ಚೌಕ ಚೌಕದ ಜೀರುಂಡೆಗಳಂಥ ಹಡಗುಗಳು ಸಾಲುಗಟ್ಟಿ ಆಕಾಶದಿಂದ ಇಳಿಯುತ್ತಿದ್ದವು. ನೆಲ ಮುಟ್ಟುವ ಮೊದಲು ಅವನ್ನು ಸುಟ್ಟುರುಳಿಸಬೇಕು. ಆ ಅಂಗಡಿಯಲ್ಲಿ ತಾವು ಅಜೇಯರಾಗಿದ್ದೆವೆಂದು ಮೇಷ್ಟ್ರು ಹೇಳುತ್ತಾರೆ. ಸಾಕ್ಷಿಗೆ ಅಂಗಡಿಯೂ ಇಲ್ಲ, ಯಂತ್ರವೂ ಇಲ್ಲ.

ಅಕ್ಕ ಒಂಬತ್ತಕ್ಕೆ ಹೊರಟರು. ಒಂಬತ್ತೂಕಾಲಿನವರೆಗೆ ಮೇಷ್ಟ್ರು ಡಬ್ಬಿಯನ್ನು ನೋಡಿದರು. ಒಂಬತ್ತೂವರೆಯವರೆಗೆ ಡಬ್ಬಿ ಅವರನ್ನು ನೋಡಿತು. ಆಮೇಲೆ ಅವರಿಗೊಂದು ನ್ಯಾಯ ಹೊಳೆಯಿತು. ಗೀರು ಬೀಳಬಾರದು ಎಂಬುದೇ ತಾನೇ ಮುಖ್ಯ? ಹಾಗಾದರೆ ಬೀಳದ ಹಾಗೆ ನೋಡಿಕೊಂಡರಾಯಿತು!

ಎಂಥ ಮುಂಜಾಗ್ರತೆ! ಮೇಷ್ಟ್ರು ಹೂಜಿಯನ್ನು ಸ್ನಾನದ ಮನೆಗೆ ಸಾಗಿಸಿದರು. ಕುರ್ಚಿಗಳನ್ನು ಗೋಡೆಗೆ ತಳ್ಳಿದರು. ಟಿ.ವಿ.ಗೆ ಎರಡು ದಿಂಬು ಕಟ್ಟಿದರು. ನೆಲದ ನಾಲ್ಕು ಮೂಲೆಗೆ ನಾಲ್ಕು ಚಪ್ಪಲಿ ಇಟ್ಟು, ಲೈಸೆನ್ಸ್ ಪರೀಕ್ಷೆಯ ಮೈದಾನದ ಹಾಗೆ ಗಡಿ ಗುರುತಿಸಿದರು. ಮೊಬೈಲು ಜೇಬಿನಿಂದ ಬಿದ್ದು ಒಡೆದೀತೆಂದು ಅಡುಗೆಮನೆಯಲ್ಲಿ ಬ್ರೆಡ್ಡಿನ ಡಬ್ಬಿಯೊಳಗೆ ಭದ್ರವಾಗಿಟ್ಟರು. ಒಡೆಯುವಂಥದ್ದು ಇನ್ನೇನೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ಕಿವಿ ಮುಚ್ಚುವ ಪಟ್ಟಿಯ ಸಮೇತ ಡಬ್ಬಿಯನ್ನು ಮುಖಕ್ಕೆ ಬಿಗಿದುಕೊಂಡರು.

ಬಲಗಾಲಿಗೆ ಮಾತ್ರ ಯಾವ ಮುಂಜಾಗ್ರತೆಯನ್ನೂ ಮಾಡಲಿಲ್ಲ.

ಆಹಾ! ಗೋಡೆಯಿಲ್ಲ, ಸೂರಿಲ್ಲ. ಸುತ್ತ ಕಗ್ಗತ್ತಲೆಯ ಅಂತರಿಕ್ಷ. ಅಷ್ಟೆತ್ತರದಲ್ಲಿ ಹಸಿರು ಜೀರುಂಡೆಗಳ ಐದು ಸಾಲು. ಹಿಂದೆ ಅಂಗೈಯಗಲ ಕಂಡಿದ್ದ ಹಡಗುಗಳು ಈಗ ಒಂದೊಂದೂ ಲಾರಿಯಷ್ಟು! ಮೇಷ್ಟ್ರು ಎರಡು ಕೈಯಲ್ಲೂ ಗುಂಡು ಹಾರಿಸಿದರು. ಟುಯ್! ಟುಯ್! ಎರಡು ಜೀರುಂಡೆ ಚೂರಾದವು. ನಲವತ್ತು ವರ್ಷ ಕಳಚಿಬಿದ್ದವು. ಉಳಿದ ಜೀರುಂಡೆಗಳು ಸಿಟ್ಟಿಗೆದ್ದು ಎಡದಿಂದ ಬಲಕ್ಕೆ ಸರಿಯುತ್ತ, ಸೀದಾ ಅವರ ಮೂಗಿನ ನೇರಕ್ಕೆ ಇಳಿಯತೊಡಗಿದವು.

ಲಾರಿಯಷ್ಟು ದೊಡ್ಡದೊಂದು ಎದುರಿಗೆ ಬಂದರೆ ಬ್ರೇಕ್ ಮೇಷ್ಟ್ರ ಬಲಗಾಲು ಏನು ಮಾಡೀತು? ಧಡ್! ಧಡ್! ಧಡ್!

ಜೀರುಂಡೆಗಳು ನಿಂತವು!

ನಿಜಕ್ಕೂ ನಿಂತವು. ಆ ಆಟದ ರೀತಿಯೇ ಹಾಗೆ. ಸಾಲು ಅಂಚಿಗೆ ಹೋದಾಗ ಚಣಕಾಲ ನಿಂತು, ಒಂದು ಮೆಟ್ಟಿಲು ಇಳಿದು, ಮತ್ತೆ ಈ ಕಡೆಗೆ ತಿರುಗುತ್ತದೆ. ಆದರೆ ಮೇಷ್ಟ್ರ ಬುದ್ಧಿಗೆ ಹೊಳೆದದ್ದೇ ಬೇರೆ. "ಜಾಣೆ!" ಎಂದುಕೊಂಡರು ಶಿಷ್ಯೆಯನ್ನು ನೆನೆದು. "ಗುರುವಿಗೋಸ್ಕರ ಆಟಕ್ಕೂ ಬ್ರೇಕ್ ಇಟ್ಟಿದ್ದಾಳೆ!" ಸಾಲು ಮತ್ತೊಂದು ಅಂಚಿಗೆ ಹೋಯಿತು. ಧಡ್! ಧಡ್! ಧಡ್! ಮತ್ತೆ ನಿಂತಿತು! ಇನ್ನು ಅನುಮಾನವೆಲ್ಲಿ? ಒಂದು ಸಾಲಿಗೆ ಮೂರು ಒದೆಯಂತೆ ಮೇಷ್ಟ್ರು ವಿಶ್ವವನ್ನು ಹತೋಟಿಗೆ ತೆಗೆದುಕೊಂಡರು.

ಕೆಳಗೆ ನರ್ಸಮ್ಮನ ಅಡುಗೆಮನೆಯಲ್ಲಿ ಕೊಳಾಯಿ ರಿಪೇರಿಯವನು ಪಾತ್ರೆ ತೊಳೆಯುವ ತೊಟ್ಟಿಯಡಿ ತಲೆಯಿಟ್ಟು ಮಲಗಿದ್ದ. ನರ್ಸಮ್ಮ ಅವನಿಗೆ ಚಹಾ ಸೋಸುತ್ತಿದ್ದರು. ಮೂರು ಸದ್ದು ಕೇಳಿತು. ಸೋಸುವ ಕೈ ನಿಂತಿತು.

"ಮೂರಾ?"

"ಮೂರೇ ಅಮ್ಮಾ," ಎಂದ ಕೊಳಾಯಿಯವನು ತೊಟ್ಟಿಯಡಿಯಿಂದಲೇ. "ಏನು, ಮೇಲೆ ಮೊಳೆ ಹೊಡೀತಿದಾರಾ?"

ಮತ್ತೆ ಮೂರು. ಮತ್ತೆ ಮೂರು.

"ಅಯ್ಯೋ, ಮೊಳೆಯಲ್ಲಪ್ಪ, ಪ್ರಾಣ!" ನರ್ಸಮ್ಮ ಚಹಾ ಬಿಟ್ಟು ಮೊಬೈಲು ಹಿಡಿದರು. ಮೇಷ್ಟ್ರಿಗೆ ಮಾಡಿದ ಕರೆ ಬ್ರೆಡ್ಡಿನ ಡಬ್ಬಿಯಲ್ಲಿ ಗುನುಗಿ ಸುಮ್ಮನಾಯಿತು. ಗಾಬರಿಯಲ್ಲಿ ಅಕ್ಕನಿಗೆ ಹಚ್ಚಿದರು.

"ಅಕ್ಕಾ, ಬಸ್ ಹೊರಟೋಯ್ತಾ?"

"ಊರ ಹೊರಗೆ ಡೀಸೆಲ್ ಹಾಕಿಸ್ತಿದಾರೆ. ಯಾಕೆ?"

"ಏನಿಲ್ಲ. ನೀವು ಗಾಬರಿ ಆಗ್ಬೇಡಿ. ಮೂರು ಸಲ ಕುಟ್ಟಿದ್ರು."

"ಮೂರು ಸಲಾನಾ?"

"ಒಂದು ಮೂರಲ್ಲ ಅಕ್ಕಾ. ಈಗ ಎಂಟನೇ ಮೂರು ನಡೀತಿದೆ."

 ಅಕ್ಕ ತಣ್ಣಗೆ ಹೇಳಿದ್ದು ಒಂದೇ ಮಾತು: "ನೀವು ಮೇಲೆ ಹೋಗಿ. ನಾನು ಬಂದೆ."

ನರ್ಸಮ್ಮ ಮೊಳೆಯಿಂದ ಬೀಗದ ಕೈ ಕಿತ್ತುಕೊಂಡು, ಪೈಪು ತಿರುಗಿಸುವ ದೊಡ್ಡ ಸ್ಪ್ಯಾನರಿನ ಸಮೇತ ಕೊಳಾಯಿಯವನನ್ನೂ ಎಳೆದುಕೊಂಡು ಮೆಟ್ಟಿಲು ಹತ್ತಿದರು. ಬಾಗಿಲು ತೆರೆದರೆ ಕಂಡದ್ದೇನು? ದಿಂಬು ಕಟ್ಟಿಸಿಕೊಂಡ ಟಿ.ವಿ. ಮೂಲೆಮೂಲೆಗೆ ಚಪ್ಪಲಿ. ನಡುವೆ ಬೆವರಿನಲ್ಲಿ ತೊಯ್ದು, ಕಣ್ಣಿಗೆ ಕಪ್ಪನೆಯದೇನೋ ಬಿಗಿದು, ಎರಡು ಕೈ ಮುಂದೆ ಚಾಚಿ ಒಂದೇ ಕಾಲನ್ನು ಬಡಿಯುತ್ತಿರುವ ಮೇಷ್ಟ್ರು!

"ಎಡಗಡೆಯಿಂದ ಬಂದ್ರು!" ಎಂದು ಕೂಗಿದರು ಮೇಷ್ಟ್ರು. "ಇನ್ನೂ ಮೂವತ್ತು ಇದ್ದಾರೆ!"

ಕೊಳಾಯಿಯವನು ಎಡಗಡೆಗೆ ಸ್ಪ್ಯಾನರ್ ಎತ್ತಿ ನಿಂತ. "ಕಳ್ಳರಾ ಅಮ್ಮಾ? ಮೂವತ್ತು ಜನಾನಾ?"

"ಸುಮ್ನಿರೋ, ಕಳ್ಳರಿಲ್ಲ. ಇದು ಜ್ವರ ತಲೆಗೆ ಏರಿರೋದು," ಎಂದು ನರ್ಸಮ್ಮ ತಮ್ಮ ನಲವತ್ತು ವರ್ಷದ ಅನುಭವದಿಂದ ನಿರ್ಣಯಿಸಿ, ನಾಡಿ ನೋಡಲು ಗಪ್ಪನೆ ಮೇಷ್ಟ್ರ ಬಲಗೈ ಹಿಡಿದರು.

ಯೋಚಿಸಿ ನೋಡಿ. ಅಂತರಿಕ್ಷದ ನಡುವೆ, ಒಂಟಿಯಾಗಿ, ಭೂಮಂಡಲದ ಭಾರ ಹೊತ್ತು ನಿಂತಿದ್ದೀರಿ. ಇದ್ದಕ್ಕಿದ್ದಂತೆ ಕಣ್ಣಿಗೆ ಕಾಣದ ತಣ್ಣನೆಯ ಕೈಯೊಂದು ನಿಮ್ಮ ಮಣಿಕಟ್ಟು ಹಿಡಿದು ಎಣಿಸತೊಡಗುತ್ತದೆ! ಮೇಷ್ಟ್ರು ಕಿರುಚಿದ ಕಿರುಚು ಬೀದಿಯ ತುದಿಯ ಅಂಚೆ ಕಚೇರಿಗೂ ಕೇಳಿಸಿತಂತೆ.

"ಹಿಡ್ಕೊಂಡ್ಬಿಡ್ತು! ಬಿಡು! ಬಿಡೇ ದೆವ್ವ!"

"ನೂರಾ ಮೂವತ್ತೆರಡು!" ಎಂದರು ನರ್ಸಮ್ಮ. "ಮಲಗಿಸೋ ಇವರನ್ನ!"

ಕೊಳಾಯಿಯವನು ಕಾಲು ಹಿಡಿದ. ಇಬ್ಬರೂ ಸೇರಿ ಮೇಷ್ಟ್ರನ್ನು ಸೋಫಾದ ಮೇಲೆ ಅಂಗಾತ ಮಲಗಿಸಿದರು. ಅಲ್ಲಿಯವರೆಗೆ ಎದುರಿಗಿದ್ದ ಜೀರುಂಡೆಗಳು ಈಗ ನೆತ್ತಿಯಿಂದ ಸುರಿಯತೊಡಗಿದವು! ಮೇಷ್ಟ್ರು ಬ್ರೇಕ್ ಒತ್ತೋಣವೆಂದರೆ ನೆಲ ಸಿಗಲಿಲ್ಲ. ಸಿಕ್ಕಿದ್ದು ಕೊಳಾಯಿಯವನ ಹೊಟ್ಟೆ.

"ಅಮ್ಮಾ, ಶಕ್ತಿ ಏನೂ ಕಮ್ಮಿ ಆಗಿಲ್ಲ," ಎಂದು ನರಳಿದ ಅವನು.

ಅಷ್ಟರಲ್ಲಿ ಬೀದಿಯಲ್ಲಿ ದೊಡ್ಡ ಹಾರನ್ನು ಕೇಳಿಸಿತು. ಬಸ್ಸನ್ನು ಓಡಿಸುತ್ತಿದ್ದವನು ಹಳೆಯ ಶಿಷ್ಯ. ಮೇಷ್ಟ್ರಿಗೆ ಏನೋ ಆಗಿದೆಯೆಂದು ಕಿವಿಗೆ ಬಿದ್ದದ್ದೇ ತಡ, ಅಕ್ಕನನ್ನು ಆಟೋಗೆ ಹತ್ತಿಸುವ ಮಾತೇ ಆಡದೆ, ಪೂರ್ತಿ ಬಸ್ಸನ್ನೇ ತಿರುಗಿಸಿಬಿಟ್ಟಿದ್ದ. ಮೆಟ್ಟಿಲ ಮೇಲೆ ದಡದಡ ಸದ್ದು. ಮುಂದೆ ಅಕ್ಕ, ಕೈಯಲ್ಲಿ ಪೆಟ್ಟಿಗೆ. ಹಿಂದೆ ಚಾಲಕ. ಅವನ ಹಿಂದೆ ಒಂದೇ ಬಣ್ಣದ ಶಾಲು ಹೊದ್ದ ಹದಿನೇಳು ಗಾಯಕಿಯರು!

ಅಕ್ಕ ಸೀದಾ ಬಂದು ಗಂಡನ ಮುಖದಿಂದ ಡಬ್ಬಿಯನ್ನು ಕಿತ್ತರು.

ಮೇಷ್ಟ್ರು ಕಣ್ಣು ಪಿಳುಕಿಸಿದರು. ಅಂತರಿಕ್ಷ ಹೋಗಿ ಮನೆ ಬಂದಿತ್ತು. ಹೆಂಡತಿ, ನರ್ಸಮ್ಮ, ಹೊಟ್ಟೆ ಹಿಡಿದುಕೊಂಡ ಕೊಳಾಯಿಯವನು, ಬಾಗಿಲವರೆಗೆ ಶಾಲುಗಳು. ಏನಾದರೂ ಹೇಳಲೇಬೇಕಿತ್ತು.

"ಇಷ್ಟು ಬೇಗ ಸಮುದ್ರ ನೋಡ್ಕೊಂಡು ಬಂದ್ಬಿಟ್ರಾ?" ಎಂದರು.

ಯಾರೂ ನಗಲಿಲ್ಲ. ನರ್ಸಮ್ಮ ಡಬ್ಬಿಯನ್ನೂ ಅವರ ಬಲಗಾಲನ್ನೂ ಸರದಿಯಂತೆ ನೋಡಿದರು. ಸಂಗತಿ ನಿಧಾನವಾಗಿ ಎಲ್ಲರಿಗೂ ತಿಳಿಯಿತು. ಚಾಲಕ ತುಟಿ ಕಚ್ಚಿಕೊಂಡು ಗೋಡೆಯ ಕಡೆಗೆ ತಿರುಗಿದ.

ಅಕ್ಕ ಬೈಯಲಿಲ್ಲ. ಒಂದು ಕುರ್ಚಿ ಎಳೆದು ಕುಳಿತರು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಕಡೆಯ ಕೊಂಡಿ ಬಿಚ್ಚಿದರು. ಟಕ್.

ಮೇಷ್ಟ್ರು ನನಗೆ ಆಮೇಲೆ ಹೇಳಿದರು: "ಟೀಚರೇ, ಆ ಹಸಿರು ಹಡಗುಗಳಿಗೆಲ್ಲ ನಾನು ಹೆದರ್ಲಿಲ್ಲ. ಆ ಟಕ್ ಅನ್ನೋ ಸದ್ದಿಗೆ ಎದೆ ನಿಂತುಹೋಯ್ತು."

"ಬಿಚ್ಚಬೇಡ ಕಣೇ," ಎಂದರು ಅವರು.

"ಇನ್ನೇನು ಮಾಡ್ಲಿ? ನಾನು ಎಲ್ಲಿಗೆ ಹೊರಟ್ರೂ ನಿಮ್ಮ ಕಾಲು ಬ್ರೇಕ್ ಮೇಲೆ ಇರುತ್ತಲ್ಲ! ನಿಮಗೇ ಗೊತ್ತಾಗದ ಹಾಗೆ ಒತ್ತಿಬಿಡ್ತೀರಿ."

 ಮೇಷ್ಟ್ರು ಸೋಫಾದಿಂದ ಎದ್ದರು. ಬಿಚ್ಚಿದ ಕೊಂಡಿಯನ್ನು ತಾವೇ ಹಾಕಿದರು. ಪೆಟ್ಟಿಗೆಯನ್ನು ಎತ್ತಿಕೊಂಡು, ಹದಿನೇಳು ಶಾಲುಗಳು ಅತ್ತಿತ್ತ ಸರಿದು ಬಿಟ್ಟ ದಾರಿಯಲ್ಲಿ ಎರಡು ಮಹಡಿ ಇಳಿದು, ಬಸ್ಸಿನಲ್ಲಿ ಅಕ್ಕನ ಸೀಟಿನ ಮೇಲೆ ಇಟ್ಟರು. ಹಿಂದೆಯೇ ಇಳಿದು ಬಂದ ಅಕ್ಕ ಬಾಗಿಲಲ್ಲಿ ನಿಂತು ಅನುಮಾನದಿಂದ ನೋಡಿದರು.

"ಊಟಕ್ಕೆ?"

"ಮಾಡ್ಕೋತೀನಿ."

"ಸುಟ್ಟುಕೊಂಡ್ರೆ?"

"ನರ್ಸಮ್ಮ ಇದ್ದಾರೆ. ಸುಟ್ಟುಕೊಂಡೋರನ್ನ ನೋಡ್ಕೊಳ್ಳೋದೇ ಅವರ ಕೆಲಸ ಆಗಿತ್ತು."

"ಆ ಡಬ್ಬಿ?"

"ನೀನೇ ತಗೊಂಡು ಹೋಗು. ಮನೇಲಿದ್ರೆ ನನಗೆ ನನ್ನ ಮೇಲೇ ನಂಬಿಕೆ ಇಲ್ಲ."

ಡಬ್ಬಿ ತರಿಸಿಕೊಂಡು ಅಕ್ಕ ಹತ್ತಿದರು. ಬಸ್ಸು ಹೊರಟಿತು. ಎದುರಿಗೆ ಒಂದು ಲಾರಿ ತಿರುವಿನಿಂದ ಮೂತಿ ತೋರಿಸಿತು. ರಸ್ತೆಯ ಪಕ್ಕದ ಕಾಲುದಾರಿಯಲ್ಲಿ ನಿಂತಿದ್ದ ಮೇಷ್ಟ್ರ ಬಲಗಾಲು ಅದುರಿತು. ಅವರು ಹಲ್ಲು ಕಚ್ಚಿ, ಎಡಗಾಲನ್ನು ಎತ್ತಿ ಬಲಗಾಲಿನ ಮೇಲೆ ಊರಿ ನಿಂತರು! ಕಂಬ ಹಿಡಿದುಕೊಂಡು, ಕೊಕ್ಕರೆಯ ಹಾಗೆ, ಬಸ್ಸು ತಿರುವು ದಾಟುವವರೆಗೂ ಹಾಗೆಯೇ ನಿಂತರು. ಕಿಟಕಿಯಿಂದ ಕತ್ತು ಹೊರಗೆ ಹಾಕಿದ ಅಕ್ಕ ಅದನ್ನು ನೋಡಿ ನಕ್ಕ ನಗು ಬಸ್ಸಿನ ಹಾರನ್ನಿಗಿಂತ ಜೋರಾಗಿ ಕೇಳಿಸಿತೆಂದು ನರ್ಸಮ್ಮ ಹೇಳುತ್ತಾರೆ.

ನಾಲ್ಕು ದಿನವೂ ಬೆಳಿಗ್ಗೆ ಎಂಟಕ್ಕೆ ಎರಡೇ ಸದ್ದು. ಹೆಚ್ಚಿಲ್ಲ, ಕಮ್ಮಿಯಿಲ್ಲ. ಐದನೆಯ ದಿನ ಅಕ್ಕ ಮೂಗು ಕಪ್ಪಗೆ ಮಾಡಿಕೊಂಡು, ಒಂದು ಡಬ್ಬ ಕಪ್ಪೆಚಿಪ್ಪು ಹೊತ್ತು ಬಂದರು. ಮೇಷ್ಟ್ರು ಆಸೆಯಿಂದ ಕಪ್ಪು ಡಬ್ಬಿಯನ್ನು ಕಟ್ಟಿಕೊಂಡು ತಮ್ಮ ಅಂಕ ನೋಡಲು ಹೋದರೆ, ಹೆಚ್ಚು ಅಂಕ ಗಳಿಸಿದ ಹತ್ತು ಜನರ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ! ಹತ್ತಕ್ಕೆ ಹತ್ತೂ ಗಾಯಕಿಯರು.

"ನೀವು ಹೇಗ್ರೇ ಆಡಿದ್ರಿ ಇಷ್ಟು?"

"ಹೇಗೇನು? ಅವು ಬಂದ್ವು, ನಾವು ಹೊಡೆದ್ವಿ. ನಿಮ್ಮ ಹಾಗೆ ಯಾರೂ ಮಧ್ಯೆ ಮಧ್ಯೆ ಗಾಡಿ ನಿಲ್ಲಿಸ್ಲಿಲ್ಲ."

ಆಟ ಮಾಡಿದ ಹುಡುಗಿಗೂ ಸುದ್ದಿ ಮುಟ್ಟಿತು. ಆಟದಲ್ಲಿ ಬ್ರೇಕೇ ಇಲ್ಲವೆಂದು ಅವಳು ಬಂದು ಪ್ರಮಾಣ ಮಾಡಿ ಹೇಳಿದಳು. ಮೇಷ್ಟ್ರು ಈಗಲೂ ಒಪ್ಪುವುದಿಲ್ಲ.

ಈಗ ಅಕ್ಕ ವರ್ಷಕ್ಕೆ ಒಂದಲ್ಲ, ಮೂರು ಸಲ ತಂಡದ ಜೊತೆ ಹೋಗಿಬರುತ್ತಾರೆ. ಪೆಟ್ಟಿಗೆಯನ್ನು ಕಟ್ಟಿಕೊಡುವವರು ಮೇಷ್ಟ್ರೇ. ದಿನಾ ಸಂಜೆ ನಾಲ್ಕರಿಂದ ಐದು ಅವರಿಗೆ ಯುದ್ಧದ ಅಪ್ಪಣೆ ದೊರೆತಿದೆ. ಹತ್ತನೆಯ ಸ್ಥಾನಕ್ಕೆ ಇನ್ನೂ ಹೋರಾಡುತ್ತಿದ್ದಾರೆ. ಬಲಗಾಲನ್ನು ತಿದ್ದುವ ಪ್ರಯತ್ನವನ್ನು ಎಲ್ಲರೂ ಕೈಬಿಟ್ಟು, ಆ ಒಂದು ಗಂಟೆಗೆ ಸಂಕೇತವನ್ನೇ ತಿರುಗಿಸಿದ್ದಾರೆ. ನಾಲ್ಕರಿಂದ ಐದರವರೆಗೆ ಕುಟ್ಟುತ್ತಿದ್ದರೆ ಕ್ಷೇಮ. ಕುಟ್ಟು ನಿಂತರೆ ಅಪಾಯ.

ಮೊನ್ನೆ ಗುರುವಾರ ಸಂಜೆ ನಾಲ್ಕಕ್ಕೆ ನಾನು ಅವರ ಮನೆಗೆ ಹೋಗಿದ್ದೆ. ಅಕ್ಕ ಬೆಟ್ಟದೂರಿಗೆ ಹೋಗಿದ್ದರು. ಅಲ್ಲಿಂದ ಒಂದು ಕಾಗದ ಬರೆದಿದ್ದರು. ಮೇಷ್ಟ್ರು ಆಗಷ್ಟೇ ಕಟ್ಟಿಕೊಂಡಿದ್ದ ಡಬ್ಬಿಯನ್ನು ಬಿಚ್ಚಿಟ್ಟು, "ನೀವೇ ಓದಿ ಟೀಚರೇ, ನಿಮ್ಮ ಬಾಯಲ್ಲಿ ಕೇಳೋಕೆ ಚೆಂದ" ಎಂದರು. ನಾನು ಓದಿದೆ. ಮಂಜು, ಚಳಿ, ಬಸ್ಸಿನಲ್ಲಿ ಹಾಡಿದ ಹಾಡು, ಚಾಲಕ ತಿರುವಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ನಿಮ್ಮ ನೆನಪು. ಮೇಷ್ಟ್ರು ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದರು. ಮುಗಿದಾಗ "ಇನ್ನೊಂದು ಸಲ" ಎಂದರು. ಇನ್ನೊಂದು ಸಲ ಓದಿದೆ. ಆಮೇಲೆ ಮೇಷ್ಟ್ರು ಕಾಗದವನ್ನು ಇಸಿದುಕೊಂಡು ತಾವೇ ಮತ್ತೊಮ್ಮೆ ಕಣ್ಣಾಡಿಸಿದರು.

ಬೀಗದ ಕೈ ಕಿರುಗುಟ್ಟಿತು. ಬಾಗಿಲು ಧಡಾರನೆ ತೆರೆಯಿತು. ಏದುಸಿರು ಬಿಡುತ್ತ ನರ್ಸಮ್ಮ. ಹಿಂದೆ, ಅವರ ಕೊಳಾಯಿ ಮತ್ತೆ ಕೆಟ್ಟಿತ್ತೆಂದು ಕಾಣುತ್ತದೆ, ಸ್ಪ್ಯಾನರ್ ಎತ್ತಿಕೊಂಡ ಅದೇ ಮನುಷ್ಯ. ಈ ಸಲ ಅವನು ಹೊಟ್ಟೆಗೆ ಒಂದು ದಿಂಬು ಕಟ್ಟಿಕೊಂಡಿದ್ದ.

"ಏನಾಯ್ತು ಮೇಷ್ಟ್ರೇ? ಹತ್ತು ನಿಮಿಷದಿಂದ ಸದ್ದೇ ಇಲ್ಲ!"

ಮೇಷ್ಟ್ರು ಹೆಂಡತಿಯ ಕಾಗದವನ್ನು ಮಡಚಿ ಜೇಬಿಗಿಟ್ಟರು. ತಪ್ಪೊಪ್ಪಿಕೊಂಡ ವಿದ್ಯಾರ್ಥಿಯಂತೆ ನನ್ನ ಮುಖ ನೋಡಿದರು. ಆಮೇಲೆ ಬಲಗಾಲನ್ನು ಎತ್ತಿ, ಬಹಳ ಮರ್ಯಾದೆಯಿಂದ, ನೆಲಕ್ಕೆ ಎರಡು ಸಲ ಕುಟ್ಟಿದರು.